ಹಣೆಬರಹ ಮತ್ತು ಉತ್ತರಪತ್ರಿಕೆ

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಭಂಕೂರ, ಶಹಾಬಾದ ಕಡೆಯ ಮನೆಗಳಲ್ಲಿ ಒಂದು ಮಾತು ಕೇಳುತ್ತದೆ: “ಹಣ್ಯಾಗ ಬರದಿದ್ದಿಲ್ಲ ಬಿಡ್ರಿ.” ಮಗುವಿನ ಕಣ್ಣೀರು ಒರೆಸಲು ಮಾತು ಒಳ್ಳೆಯದೇ. ಆದರೆ ಅದರ ಮುಂದೆ ಯಾವ ಪ್ರಶ್ನೆಯೂ ಏಳುವುದಿಲ್ಲ, ತೊಡಕು ಅಲ್ಲಿದೆ.

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಬಿದ್ದು ಒಡೆಯಿತು. ಉಡ್ಡಯನಕ್ಕೆ ಮುನ್ನ ಇಸ್ರೊ ಅಧ್ಯಕ್ಷರು ತಿರುಪತಿಗೆ ಹೋಗಿ ಪೂಜೆ ಸಲ್ಲಿಸಿದ್ದರು. ಹಾಗೆಂದು ಸೋಲನ್ನು ದೈವೇಚ್ಛೆ ಎಂದು ಕಡತ ಮುಚ್ಚಲಿಲ್ಲ. ಹುಡುಕಿದಾಗ ಕಾರಣಗಳು ಸಿಕ್ಕವು: ಎಂಜಿನ್ನುಗಳ ನೂಕುಬಲ ಎಣಿಸಿದ್ದಕ್ಕಿಂತ ಹೆಚ್ಚಾಗಿತ್ತು, ಇಳಿಯುವ ಜಾಗವೋ ಬರೀ 500 ಮೀಟರ್ ಉದ್ದಗಲದ್ದು. ಮುಂದಿನ ನೌಕೆಗೆ ಕಾಲು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು, ಇಳಿಯುವ ಜಾಗವನ್ನು ಸುಮಾರು 4 ಕಿ.ಮೀ. ಉದ್ದಕ್ಕೆ ಹಿಗ್ಗಿಸಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತು. ಪೂಜೆ ಆಗಲೂ ನಡೆದಿತ್ತೆನ್ನಿ!

ಶಹಾಬಾದಿ ಪರಸಿ ಸೀಳುವವರಿಗೆ ಇದು ಗೊತ್ತು. ಕಲ್ಲಿನ ಪದರ ಅವರು ಆರಿಸಿದ್ದಲ್ಲ. ಉಳಿ ಎಲ್ಲಿಡಬೇಕೆಂಬುದು ಅವರ ಕೈಯಲ್ಲಿದೆ.

ಫೇಲಾದ ಮಗು ಒಂದೆರಡು ದಿನ ಅಳಲಿ. ಆಮೇಲೆ ಪರೀಕ್ಷಾ ಮಂಡಳಿಯಿಂದ ಉತ್ತರಪತ್ರಿಕೆಯ ಪ್ರತಿ ತರಿಸಿರಿ. ಅರ್ಜಿಗೆ ಗಡುವು ಉಂಟು, ಮರೆಯಬೇಡಿ. ತಂದೆಯೋ ತಾಯಿಯೋ ಪಕ್ಕದಲ್ಲಿ ಕುಳಿತು, ಬೈಯದೆ, ಪುಟ ಪುಟವಾಗಿ ನೋಡಲಿ: ಅಂಕ ಹೋದದ್ದು ಬೀಜಗಣಿತದಲ್ಲೋ, ಸಮಯ ಸಾಲದೆ ಬಿಟ್ಟ ಕೊನೆಯ ಪ್ರಶ್ನೆಗಳಲ್ಲೋ?