ಎತ್ತಿನ ಮುಖ

ಕೆಲಸ ಕಲಿಯಲು ಸೇರಿದ ಹುಡುಗನಿಗೆ ಜಪಾನೀ ಭಾಷೆಯಲ್ಲಿ ‘ಮಿನಾರಾಯ್’ ಎಂಬ ಹೆಸರುಂಟು. ನೋಡುವುದು, ಕಲಿಯುವುದು ಎಂಬ ಎರಡು ಮಾತುಗಳು ಕೂಡಿ ಆದ ಪದವಿದು. ಗುರುವು ಬಾಯಿ ಬಿಡುವುದಿಲ್ಲ. ಶಿಷ್ಯನು ಕಣ್ಣು ಮುಚ್ಚುವಂತಿಲ್ಲ. ಆ ನಾಡಿನ ಹಗ್ಗದ ವಿದ್ಯೆಯನ್ನೂ ಬಲ್ಲವರ ಬಳಿ ಕುಳಿತು ನೋಡಿಯೇ ಕಲಿಯುವವರು ಬಹಳ. 1603ರಿಂದ 1868ರವರೆಗಿನ ಎದೋ ಕಾಲದಲ್ಲಿ ಸೆರೆಯಾಳುಗಳನ್ನು ಕಟ್ಟುವುದಕ್ಕೆಂದೇ ‘ಹೋಜೋಜುತ್ಸು’ ಎಂಬ ಶಾಸ್ತ್ರವಿದ್ದಿತು. ಸೆರೆಯಾಳಿನ ಅಂತಸ್ತಿಗೆ ತಕ್ಕಂತೆ ಕಟ್ಟಿನ ಬಗೆಯೂ ಬೇರೆ. ಬಂಧನದಲ್ಲಿಯೂ ಪಂಕ್ತಿಭೇದ! ಇತೋ ಸೆಯು (1882–1961) ಎಂಬ ಕಲಾವಿದನು ಇಂಥ ಕಟ್ಟುಗಳನ್ನು ಚಿತ್ರಕ್ಕೆ ತಂದನು. ಮುಂದೆ ಅದು ‘ಷಿಬಾರಿ’ ಎನಿಸಿಕೊಂಡು ರಂಗಕ್ಕೂ, ಪರಸ್ಪರ ಒಪ್ಪಿದ ವಯಸ್ಕರ ಏಕಾಂತಕ್ಕೂ ಬಂದಿತು.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಈ ಪ್ರಸ್ತಾಪವೇಕೆಂದು ಹುಬ್ಬೇರಿಸುವ ವಾಚಕರು ತುಸು ತಾಳಬೇಕು. ನನಗೆ ಬೇಕಾದದ್ದು ಹಗ್ಗ ಮಾತ್ರ. ಬರಿಯ ನೋಟದಿಂದ ಇಂಥ ವಿದ್ಯೆ ಕೈಗೆ ಬರುವುದೆ? ಈ ಪ್ರಶ್ನೆಗೆ ಉತ್ತರ ನನಗೆ ದೊರೆತದ್ದು ಉಗಾರ ಖುರ್ದದ ಕಬ್ಬಿನ ಹೊಲದಲ್ಲಿ.

ಕೃಷ್ಣೆಯ ದಂಡೆಯ ಈ ಊರಿನಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಹಂಗಾಮು ಬಂತೆಂದರೆ ಊರೆಲ್ಲ ಕಬ್ಬಿನ ಮಾತು. ಕಡಿಯುವ ಕೆಲಸಕ್ಕೆ ಬೀಡ ಜಿಲ್ಲೆಯ ಕಡೆಯಿಂದಲೂ ದಂಪತಿಗಳು ಬರುತ್ತಾರೆ. ಗಂಡ ಕಡಿದು ಚೆಲ್ಲಿದಂತೆ ಹೆಂಡತಿ ಅದೇ ಕಬ್ಬಿನ ಹಸಿ ಸೋಗೆಯನ್ನು ಹುರಿಮಾಡಿ ಹೊರೆ ಕಟ್ಟುತ್ತಾಳೆ. ಪಕ್ಕದಲ್ಲಿ ಕುಳಿತ ಅವಳ ಮಗಳು ಎರಡೇ ಗಳಗಳನ್ನಿಟ್ಟುಕೊಂಡು ಅದನ್ನೇ ಅನುಕರಿಸುತ್ತಿದ್ದಳು. ನಾನು ಮೆಚ್ಚಿದೆನು, ಅದು ಶಾಲೆಯ ವೇಳೆಯೆಂಬುದು ಆಮೇಲೆ ನೆನಪಾಯಿತು.

ನನ್ನ ಗುರು ಮಾತ್ರ ಊರಿನವನೇ, ಚಕ್ಕಡಿ ಹೊಡೆಯುವ ಒಬ್ಬ ಅಜ್ಜ. ಹೇರಿದ ಕಬ್ಬಿನ ಮೇಲೆ ಹಗ್ಗವೆಸೆದು ಬಿಗಿಯುವುದನ್ನೂ ಎತ್ತಿನ ಕೊರಳಿಗೆ ಕಣ್ಣಿ ಹಾಕುವುದನ್ನೂ ನಾಲ್ಕು ಸಂಜೆ ನೋಡಿದೆನು. ಹಗ್ಗದ ತುದಿ ಎಲ್ಲಿ ಮೇಲೆ, ಎಲ್ಲಿ ಕೆಳಗೆ ಎಂಬುದನ್ನು ಪುಸ್ತಕದಲ್ಲಿ ಬರೆದೂ ಇಟ್ಟೆನು. ಐದನೆಯ ಸಂಜೆ, “ಅಜ್ಜಾ, ಇವತ್ತು ನಾನು ಕಟ್ಟತೀನಿ” ಎಂದೆ. ಕಟ್ಟಿದೆನು. ಗಂಟು ನೋಡಲು ಅಂದವಾಗಿಯೇ ಇದ್ದಿತು. ಆದರೆ ತುದಿಯನ್ನು ಕೆಳಗಿನಿಂದ ತರುವ ಬದಲು ಮೇಲಿನಿಂದ ತಂದಿದ್ದೆನಾಗಿ ಅದು ಜೀರುಗುಣಿಕೆಯಾಗಿದ್ದಿತು. ಎತ್ತು ಮೇವಿಗೆಂದು ಕತ್ತು ಚಾಚಿದಷ್ಟೂ ಕುಣಿಕೆ ಬಿಗಿಯಿತು. ನಾನು ಗಂಟನ್ನೇ ನೋಡುತ್ತ ನಿಂತಿದ್ದೆನು. ಅಜ್ಜ ಓಡಿಬಂದು ಕುಡುಗೋಲಿನಿಂದ ಹಗ್ಗವನ್ನು ಕೊಯ್ದ. ಎತ್ತು ಕೆಮ್ಮಿ, ತತ್ತರಿಸಿ, ನಿಂತುಕೊಂಡಿತು.

ಬೈಯುವನೆಂದುಕೊಂಡೆ, ಬೈಯಲಿಲ್ಲ. “ಮಾಸ್ತರ, ನಾಕ ದಿನಾ ನನ್ನ ಕೈ ನೋಡೀರಿ. ಎತ್ತಿನ ಮಾರಿ ನೋಡಲಿಲ್ಲ” ಎಂದನಷ್ಟೆ.

ಷಿಬಾರಿಯ ವಿಷಯದಲ್ಲಿಯೂ ಇದೇ ಅಪಾಯ. ಏಳೆಂಟು ಮೀಟರಿನ ಸೆಣಬಿನ ಹಗ್ಗ ಎಲ್ಲಿ ಸುತ್ತಿತು, ಎಲ್ಲಿ ತಿರುಗಿತು ಎಂಬುದು ನೋಡುವವನಿಗೆ ಕಾಣುತ್ತದೆ. ಮೇಲ್ತೋಳಿನ ಎಲುಬನ್ನು ಸುತ್ತಿ ಹಾಯುವ ರೇಡಿಯಲ್ ನರ ಕಾಣುವುದಿಲ್ಲ. ಅದರ ಮೇಲೆ ಹಗ್ಗ ಒತ್ತಿದರೆ ಮಣಿಕಟ್ಟನ್ನೆತ್ತುವ ಶಕ್ತಿ ಉಡುಗುತ್ತದೆ. ಮತ್ತೆ ಬರಲು ವಾರಗಳೋ ತಿಂಗಳುಗಳೋ ಹಿಡಿಯಬಹುದು. ಅದಕ್ಕಾಗಿಯೇ ಬಲ್ಲವರು ಕಟ್ಟುತ್ತಿರುವಾಗಲೂ ಕಟ್ಟಿಸಿಕೊಂಡವರ ಮುಖ ನೋಡುತ್ತಾರೆ, ಬೆರಳಾಡಿಸಲು ಹೇಳುತ್ತಾರೆ, ಜೋಮು ಹಿಡಿಯಿತೆ ಎಂದು ಕೇಳುತ್ತಾರೆ. ಕತ್ತರಿಯನ್ನು ಕೈಗೆಟಕುವಂತೆ ಇಟ್ಟುಕೊಂಡಿರುತ್ತಾರೆ. ದೂರ ಕುಳಿತ ಶಿಷ್ಯನು ಗಂಟುಗಳನ್ನೆಣಿಸುವ ಭರದಲ್ಲಿ ಈ ಪಿಸುಮಾತುಗಳನ್ನೇ ಕಳೆದುಕೊಳ್ಳುತ್ತಾನೆ. ಎತ್ತಿಗಾದರೋ ಒಲ್ಲೆನೆನ್ನುವ ಬಾಯಿಯೂ ಇಲ್ಲ.

ವಾರ ಕಳೆದ ಮೇಲೆ ಅಜ್ಜನೇ ಕರೆದು ಹೊಸ ಹಗ್ಗ ಕೊಟ್ಟ. ಈ ಬಾರಿ ಎತ್ತಿನ ಕಣ್ಣು ನೋಡುತ್ತಲೇ ಕಟ್ಟಿದೆ. ಅವನು ಕೊರಳಿಗೂ ಹಗ್ಗಕ್ಕೂ ನಡುವೆ ಎರಡು ಬೆರಳು ತೂರಿಸಲು ನೋಡಿದ. ಒಂದೇ ಹೋಯಿತು.

“ಬಿಚ್ರಿ” ಎಂದ.