ಮುಟ್ಟಿ ಕಲಿಯುವ ವಿದ್ಯೆ

ವಸ್ತುಸಂಗ್ರಹಾಲಯವೆಂದರೆ ‘ಮುಟ್ಟಬೇಡಿ’ ಎಂಬ ಫಲಕವೇ ಮೊದಲು ಕಣ್ಣಿಗೆ ಬೀಳುವುದು. ದ್ವೀಪನಗರಿ ಮುಂಬಯಿಯ ವರ್ಲಿಯಲ್ಲಿರುವ ನೆಹರೂ ವಿಜ್ಞಾನ ಕೇಂದ್ರದ ರೀತಿಯೇ ಬೇರೆ. 1977ರಲ್ಲಿ ಬೆಳಕು ಮತ್ತು ದೃಷ್ಟಿಯ ಪ್ರದರ್ಶನದೊಡನೆ ಮೊದಲಾಗಿ, 1985ರ ನವೆಂಬರಿನಲ್ಲಿ ಪೂರ್ಣರೂಪ ತಾಳಿದ ಈ ಕೇಂದ್ರದಲ್ಲಿ ಪ್ರೇಕ್ಷಕನು ಹಿಡಿಕೆಯನ್ನು ತಾನೇ ತಿರುಗಿಸಬೇಕು, ಹಗ್ಗವನ್ನು ತಾನೇ ಜಗ್ಗಬೇಕು. ರಾಟೆಗಳು ಹೆಚ್ಚಿದಷ್ಟೂ ಭಾರ ಹಗುರಾಗುವುದು, ಆದರೆ ಹಗ್ಗವನ್ನು ಅಷ್ಟೇ ಹೆಚ್ಚು ಎಳೆಯಬೇಕಾಗುವುದು. ಇದನ್ನು ತೋಳೇ ಅರಿಯುತ್ತದೆ.

ಹಬೆಯ ಬಲವನ್ನು ಇಡ್ಲಿಯ ಪಾತ್ರೆಯ ಬಳಿ ದಿನವೂ ಕಾಣುವ, ಶಾಲೆಯನ್ನು ಅರ್ಧದಲ್ಲೇ ಬಿಟ್ಟ ನಮ್ಮ ಹೋಟೆಲು ಕಾರ್ಮಿಕರಿಗೆ ಇದಕ್ಕಿಂತ ತಕ್ಕ ಪಾಠಶಾಲೆ ಯಾವುದು? ಗಲ್ಲೆಯ ಮೇಲೆ ಕುಳಿತಿದ್ದ ಕಾಲದಲ್ಲಿ ನಾನು ಅವರಿಗೆ ಸಿನೆಮಾಕ್ಕೆ ರಜೆಯಿತ್ತೆನೇ ಹೊರತು ಇಲ್ಲಿಗೆ ಒಬ್ಬನನ್ನೂ ಕಳುಹಲಿಲ್ಲ. ಆ ತಪ್ಪು ನನ್ನದೇ. ಮಾಲೀಕ ಮಿತ್ರರು ತಿಂಗಳಿಗೊಂದು ಅಪರಾಹ್ನವನ್ನಾದರೂ, ಸಂಬಳ ಹಿಡಿಯದೆ, ಬಿಟ್ಟುಕೊಡಲಿ. ಊಟದ ಗಿರಾಕಿಗಳು ಎದ್ದುಹೋದ ಮೇಲಿನ ಮೂರು ಗಂಟೆ ಸಾಕು.