ಚಾಲಕನಿಗೆ ತಿಳಿಯದ ತೂಕವನ್ನು ಹೊರುವವರು ಯಾರು?

ಜರ್ಮನಿಯ ಬಿಎಂಡಬ್ಲ್ಯು ಕಂಪನಿಯು 2024ರ ಜೂನ್ ತಿಂಗಳಿನಲ್ಲಿ ತನ್ನ ಹೆಸರಾಂತ ಎಂ5 ಸ್ಪೋರ್ಟ್ಸ್ ಕಾರಿನ ಹೊಸ ಆವೃತ್ತಿಯನ್ನು ಪ್ರಕಟಿಸಿದಾಗ ಯುರೋಪು, ಅಮೆರಿಕೆಗಳ ಕಾರುಪ್ರಿಯರ ವಲಯದಲ್ಲಿ ದೊಡ್ಡ ಗದ್ದಲವೆದ್ದಿತು. ಗದ್ದಲಕ್ಕೆ ಕಾರಣ ಬೆಲೆಯಲ್ಲ, ಹೊಗೆಯಲ್ಲ, ತೂಕ. 2017ರಲ್ಲಿ ಹೊರಬಂದ ಹಿಂದಿನ ಆವೃತ್ತಿ 1,855 ಕೆ.ಜಿ. ತೂಗುತ್ತಿತ್ತು. ಹೊಸದರ ತೂಕ 2,435 ಕೆ.ಜಿ. ಒಂದೇ ತಲೆಮಾರಿನಲ್ಲಿ 580 ಕೆ.ಜಿ. ಏರಿಕೆ! ನಮ್ಮೂರುಗಳಲ್ಲಿ ಎಲ್ಲರೂ ಕಂಡಿರುವ ಮಾರುತಿ 800 ಕಾರಿನ ತೂಕ 650 ಕೆ.ಜಿ.ಯ ಆಸುಪಾಸು. ಹಳೆಯ ಎಂ5ರ ಬೆನ್ನಿನ ಮೇಲೆ ಹೆಚ್ಚುಕಡಿಮೆ ಒಂದು ಮಾರುತಿಯನ್ನೇ ಹೇರಿದಂತಾಯಿತು.

ಕೋಟ್ಯಧೀಶರ ಆಟಿಕೆಯ ತೂಕವನ್ನು ಕಟ್ಟಿಕೊಂಡು ಮಲೆನಾಡಿನ ಈ ಪತ್ರಿಕೆಗೆ ಆಗಬೇಕಾದುದೇನು ಎಂದು ಓದುಗರು ಕೇಳಬಹುದು. ಆಗಬೇಕಾದುದು ಇದೆ. ಆ ಗದ್ದಲದಲ್ಲಿ ಎದ್ದ ಅನೇಕ ದನಿಗಳು ಕೊನೆಗೆ ಬೊಟ್ಟು ಮಾಡಿದ್ದು ಪರಿಸರದ ಕಾನೂನುಗಳತ್ತ. ಹೊಗೆಯ ಮಿತಿ, ಬ್ಯಾಟರಿಯ ಹೇರಿಕೆ, ಹಸಿರುವಾದಿಗಳ ಹಟ ಇವೇ ಸೇರಿ ಹಗುರವಾದ ಕಾರನ್ನು ಕೊಂದವು ಎಂಬುದು ಅವರ ತೀರ್ಪು. ಈ ತೀರ್ಪು ಸುಳ್ಳು. ಅದನ್ನು ಸುಳ್ಳೆಂದು ತೋರಿಸದೆ ಹೋದರೆ, ನಾಳೆ ಬೆಟ್ಟಗಳನ್ನು ಅಗೆಯಲು ಬರುವವರು ಹಸಿರು ಬಾವುಟವನ್ನೇ ಹಿಡಿದು ಬರುತ್ತಾರೆ.

ಮೊದಲಿಗೆ ಕಾರುಪ್ರಿಯರ ದುಃಖಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ಭಾರ ಹೆಚ್ಚಿದ ಕಾರು ತಿರುವಿನಲ್ಲಿ ಹೊರಕ್ಕೆ ಜಾರಲು ಹವಣಿಸುತ್ತದೆ, ನಿಲ್ಲಲು ಒಲ್ಲೆನೆನ್ನುತ್ತದೆ, ಟೈರುಗಳನ್ನು ಬೇಗ ಸವೆಸುತ್ತದೆ ಎಂಬ ಅವರ ಮಾತು ದಿಟ. ಇಂಗ್ಲೆಂಡಿನ ಲೋಟಸ್ ಕಂಪನಿಯನ್ನು ಕಟ್ಟಿದ ಕಾಲಿನ್ ಚಾಪ್ಮನ್, ಶಕ್ತಿಯನ್ನು ಕೂಡಿಸುವುದಕ್ಕಿಂತ ತೂಕವನ್ನು ಕಳೆಯುವುದೇ ಜಾಣತನವೆಂಬ ತತ್ತ್ವದ ಮೇಲೆ ತನ್ನ ಕಾರುಗಳನ್ನು ರೂಪಿಸಿದ. ಒಂದು ಕಿಲೋ ಕೂಡಿದರೆ ಅದನ್ನು ಎಳೆಯಲು ಹೆಚ್ಚಿನ ಶಕ್ತಿ ಬೇಕು, ತಡೆಯಲು ದೊಡ್ಡ ಬ್ರೇಕು ಬೇಕು, ಹೊರಲು ಅಗಲವಾದ ಟೈರು ಬೇಕು. ಇವೆಲ್ಲವೂ ಮತ್ತೆ ತೂಕವೇ. ಸಾಲ ತೀರಿಸಲು ಸಾಲ ಮಾಡುವ ಮನೆಯ ಕಥೆಯಿದು.

ಎಂ5ರ ಚರಿತ್ರೆಯೇ ಇದಕ್ಕೆ ಸಾಕ್ಷಿ. 1980ರ ದಶಕದ ನಡುವಿನಲ್ಲಿ ಬಂದ ಮೊದಲ ಎಂ5 ಸುಮಾರು 1,430 ಕೆ.ಜಿ. ತೂಗುತ್ತಿತ್ತು, ಅದರ ಬಲ 286 ಅಶ್ವಶಕ್ತಿ. 2017ರ ಕಾರಿಗೆ 600 ಅಶ್ವಶಕ್ತಿ. 2024ರದರಲ್ಲಿ 4.4 ಲೀಟರಿನ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್ನನ್ನು ಹಾಗೆಯೇ ಉಳಿಸಿಕೊಂಡು, ಅದರ ಜೊತೆಗೆ ವಿದ್ಯುತ್ ಮೋಟಾರನ್ನೂ ಬ್ಯಾಟರಿಯನ್ನೂ ಸೇರಿಸಿ 727 ಅಶ್ವಶಕ್ತಿ ಮಾಡಿದರು. ಫಲವೇನು? ಗಂಟೆಗೆ 100 ಕಿ.ಮೀ. ವೇಗವನ್ನು ಮುಟ್ಟಲು ಹಿಂದಿನ ಕಾರಿಗೆ 3.4 ಸೆಕೆಂಡು ಸಾಕಾಗಿತ್ತು, ಹೊಸದಕ್ಕೆ 3.5 ಸೆಕೆಂಡು ಬೇಕು. 127 ಕುದುರೆಗಳನ್ನು ಹೆಚ್ಚಿಗೆ ಕಟ್ಟಿದರೂ ಗಾಡಿ ಕೂದಲೆಳೆಯಷ್ಟು ಹಿಂದೆಯೇ ಬಿದ್ದಿತು. ಆ ಕುದುರೆಗಳೆಲ್ಲ ತಮ್ಮ ಮೇವನ್ನೇ ಹೊತ್ತು ಓಡುತ್ತಿವೆ.

ಆದರೆ ಇಲ್ಲಿಂದ ಮುಂದೆ ಕಾರುಪ್ರಿಯರ ದುಃಖ ದಾರಿ ತಪ್ಪುತ್ತದೆ. ಹಿಂದಿನ ಚಕ್ರಗಳೂ ತಿರುಗುತ್ತವೆ, ಕಂಪ್ಯೂಟರು ಪ್ರತಿಯೊಂದು ಚಕ್ರವನ್ನೂ ಕಾಯುತ್ತದೆ, ಹೀಗಾಗಿ ತೂಕವು ಚಾಲಕನ ಅನುಭವಕ್ಕೆ ಬರುವುದೇ ಇಲ್ಲವೆಂದು ಕಾರಿನ ಸಮರ್ಥಕರು ಸಮಾಧಾನ ಹೇಳಿದರು. ಗದ್ದಲವೆಬ್ಬಿಸಿದವರಲ್ಲಿ ಹಲವರು ಅದನ್ನು ಕೇಳಿ ಸುಮ್ಮನಾದರು. ಅನುಭವಕ್ಕೆ ಬಾರದ ತೂಕ ಇಲ್ಲವೇ ಇಲ್ಲವೆಂದಾಯಿತೇ? ಪಲ್ಲಕ್ಕಿಯೊಳಗೆ ಕುಳಿತವನಿಗೂ ಪಲ್ಲಕ್ಕಿಯ ತೂಕ ತಿಳಿಯುವುದಿಲ್ಲ. ಅದು ತಿಳಿಯುವುದು ಹೊರುವ ಹೆಗಲಿಗೆ.

ಆ ಹೆಗಲುಗಳು ಯಾರವೆಂದು ನೋಡೋಣ. ಮೊದಲನೆಯದು ದಾರಿಹೋಕನದು. ಅದೇ ವೇಗದಲ್ಲಿ ಓಡುವಾಗ ಹೊಸ ಕಾರಿನ ಚಲನಶಕ್ತಿ ಹಳೆಯದಕ್ಕಿಂತ ಶೇ. 31ರಷ್ಟು ಹೆಚ್ಚು, ಪ್ರೌಢಶಾಲೆಯ ಸೂತ್ರವೇ ಇದನ್ನು ಹೇಳುತ್ತದೆ. ಡಿಕ್ಕಿಯಾದಾಗ ಅದನ್ನು ತಾಳಿಕೊಳ್ಳಬೇಕಾದವನು ಕಾರಿನ ಒಳಗಿರುವವನಲ್ಲ.

ಎರಡನೆಯದು ರಸ್ತೆ. 1950ರ ದಶಕದ ಕೊನೆಯಲ್ಲಿ ಅಮೆರಿಕೆಯ ಇಲಿನಾಯ್ ರಾಜ್ಯದಲ್ಲಿ ನಡೆದ ದೊಡ್ಡ ಪರೀಕ್ಷೆಯಿಂದ ಒಂದು ಸ್ಥೂಲ ಸೂತ್ರ ಹೊರಟಿತು: ರಸ್ತೆಯ ಸವೆತವು ಅಚ್ಚಿನ ಮೇಲಿನ ಭಾರದ ನಾಲ್ಕನೆಯ ಘಾತದಂತೆ ಏರುತ್ತದೆ. ಆ ಲೆಕ್ಕದಲ್ಲಿ ಹೊಸ ಎಂ5 ಹಳೆಯದರ ಮೂರು ಪಟ್ಟು ಸವೆಸುತ್ತದೆ. ತುಂಬಿದ ಲಾರಿ ಇದಕ್ಕಿಂತ ಸಾವಿರಾರು ಪಟ್ಟು ಸವೆಸುತ್ತದೆ, ನಿಜ. ಆದರೆ ಲಾರಿ ಹೊರುವುದು ಊರಿನ ಅಕ್ಕಿಯನ್ನು. ಈ ಕಾರು 70 ಕೆ.ಜಿ.ಯ ಒಬ್ಬ ಮನುಷ್ಯನನ್ನು ಸಾಗಿಸಲು ಅವನ 35 ಪಟ್ಟು ತೂಕವನ್ನು ಎಳೆದಾಡುತ್ತದೆ. ಶಾಲೆಗೆ ಹೋಗುವ ಹುಡುಗಿಯ ಸೈಕಲ್ಲು ತನಗಿಂತ ಹೆಚ್ಚು ತೂಕವನ್ನು ಹೊರುತ್ತದೆ.

ಮೂರನೆಯದು ನದಿ. ಅಮೆರಿಕೆಯ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಮೊಟ್ಟೆಯಿಡಲು ಬಂದ ಕೊಹೊ ಸಾಲ್ಮನ್ ಮೀನುಗಳು ಮಳೆಯ ಬೆನ್ನಿಗೇ ಸಾಯುತ್ತಿದ್ದವು. 2020ರಲ್ಲಿ ವಿಜ್ಞಾನಿಗಳು ಕಾರಣವನ್ನು ಪತ್ತೆಹಚ್ಚಿದರು. ಟೈರಿನ ರಬ್ಬರು ಬಿರಿಯದಂತೆ ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕವು ಓಝೋನಿನೊಡನೆ ವರ್ತಿಸಿ ವಿಷವಾಗಿ ಮಾರ್ಪಟ್ಟು, ಸವೆದ ರಬ್ಬರಿನ ಪುಡಿಯಿಂದ ಮಳೆನೀರಿನೊಡನೆ ತೊರೆಗೆ ಇಳಿಯುತ್ತಿತ್ತು. ತೂಕ ಏರಿದಷ್ಟೂ ಟೈರಿನ ಪುಡಿ ಏರುತ್ತದೆ. ಯುರೋಪಿನ ಒಕ್ಕೂಟವು 2024ರಲ್ಲಿ ಅಂಗೀಕರಿಸಿದ ಯುರೋ 7 ನಿಯಮಗಳು ಬ್ರೇಕಿನ ದೂಳು, ಟೈರಿನ ಸವೆತಗಳನ್ನೂ ಮಾಲಿನ್ಯವೆಂದು ಎಣಿಸತೊಡಗಿದ್ದು ಸುಮ್ಮನೆಯಲ್ಲ.

ನಾಲ್ಕನೆಯದು ಬೆಟ್ಟ. 580 ಕೆ.ಜಿ. ಆಕಾಶದಿಂದ ಇಳಿದದ್ದಲ್ಲ. ಉಕ್ಕಿಗೆ ಕಬ್ಬಿಣದ ಅದಿರು, ಅಲ್ಯೂಮಿನಿಯಮ್ಮಿಗೆ ಬಾಕ್ಸೈಟು, ಬ್ಯಾಟರಿಗೆ ಲಿಥಿಯಂ, ನಿಕ್ಕಲ್ ಎಲ್ಲವೂ ನೆಲದೊಳಗಿನಿಂದ ಬರಬೇಕು. ಇಂದು ಜಗತ್ತಿನ ನಿಕ್ಕಲ್ಲಿನ ಅರ್ಧಕ್ಕಿಂತ ಹೆಚ್ಚು ಇಂಡೋನೇಷ್ಯಾದ ನೆಲದಿಂದ ಬರುತ್ತದೆ. ಸುಲಾವೇಸಿ ದ್ವೀಪದ ಕಾಡುಗಳು ಅದಕ್ಕೆ ತೆತ್ತ ಬೆಲೆ. ಗಣಿಯೆಂದರೇನೆಂದು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಕುದುರೆಮುಖದ ಗಣಿ ನಿಲ್ಲುವವರೆಗೂ ಭದ್ರೆಯ ನೀರಿನ ಹೂಳನ್ನು ಕಂಡವರು ನಾವು.

ಈಗ ಪರಿಸರ ಕಾನೂನಿನ ಮೇಲಿನ ಆರೋಪಕ್ಕೆ ಬರೋಣ. ಯಾವ ಕಾನೂನೂ 727 ಅಶ್ವಶಕ್ತಿಯನ್ನು ಕೇಳಿರಲಿಲ್ಲ. ಕಾನೂನು ಕೇಳಿದ್ದು ಹೊಗೆ ಇಳಿಸಿರೆಂದು. ದಾರಿಗಳು ಎರಡಿದ್ದವು: ಕಾರನ್ನು ಕಿರಿದುಗೊಳಿಸುವುದು, ಅಥವಾ ಲೆಕ್ಕವನ್ನು ಕಿರಿದುಗೊಳಿಸುವುದು. ಕಂಪನಿ ಎರಡನೆಯದನ್ನು ಆರಿಸಿತು. ಪ್ಲಗ್-ಇನ್ ಹೈಬ್ರಿಡ್ ಕಾರು ಹೆಚ್ಚಿನ ದೂರವನ್ನು ವಿದ್ಯುತ್ತಿನಿಂದಲೇ ಕ್ರಮಿಸುತ್ತದೆಂದು ಯುರೋಪಿನ ಪರೀಕ್ಷೆ ಊಹಿಸಿಕೊಳ್ಳುತ್ತದೆ. ಆ ಊಹೆಯ ಬಲದಿಂದ ಎರಡೂವರೆ ಟನ್ನಿನ ಸಮೀಪದ ಈ ಕಾರಿನ ಇಂಗಾಲಾಮ್ಲದ ಅಂಕಿ ಕಿಲೋಮೀಟರಿಗೆ 40 ಗ್ರಾಮಿಗಿಂತ ಕಡಿಮೆಯೆಂದು ಕಾಗದದಲ್ಲಿ ದಾಖಲಾಯಿತು. ಬ್ಯಾಟರಿ ಬರಿದಾದರೆ ಅದೇ ಕಾರು 100 ಕಿ.ಮೀ.ಗೆ ಹತ್ತು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಇಂತಹ ಹೈಬ್ರಿಡ್ ಕಾರುಗಳು ರಸ್ತೆಯಲ್ಲಿ ಉಗುಳುವ ಇಂಗಾಲಾಮ್ಲವು ಪರೀಕ್ಷೆಯ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು ಎಂದು ಯುರೋಪಿಯನ್ ಕಮಿಷನ್ನಿನ 2024ರ ವರದಿಯೇ ಒಪ್ಪಿಕೊಂಡಿದೆ. ಆದ್ದರಿಂದ ಈ ತೂಕವು ಪರಿಸರ ಕಾನೂನಿನ ಕೂಸಲ್ಲ. ಕಾನೂನಿನ ಸಂದಿಯಲ್ಲಿ ನುಸುಳಿಬಂದ ದುರಾಸೆಯ ಕೂಸು.

ಹಗುರತನ ಸಾಧ್ಯವೇ ಇಲ್ಲವೆನ್ನುವವರು ಜಪಾನಿನತ್ತ ನೋಡಲಿ. ಮಜ್ದಾ ಕಂಪನಿಯ ಎರಡು ಆಸನಗಳ ರೋಡ್‌ಸ್ಟರ್ ಕಾರು 1989ರಲ್ಲಿ 940 ಕೆ.ಜಿ. ಇತ್ತು. 2015ರ ಆವೃತ್ತಿಯಲ್ಲಿ ಆ ಕಾಲದ ಎಲ್ಲ ಸುರಕ್ಷತಾ ನಿಯಮಗಳನ್ನು ಪಾಲಿಸಿಯೂ ಹಿಂದಿನ ತಲೆಮಾರಿನದಕ್ಕಿಂತ ಸುಮಾರು 100 ಕೆ.ಜಿ. ಇಳಿಸಿ, ಜಪಾನಿನಲ್ಲಿ 990 ಕೆ.ಜಿ.ಗೆ ತಂದು ನಿಲ್ಲಿಸಿದರು. ಮೊದಲ ಎಂ5ಕ್ಕೂ ಇಂದಿನ ಎಂ5ಕ್ಕೂ ನಡುವಿನ ವ್ಯತ್ಯಾಸದಲ್ಲಿ ಇಂತಹ ಒಂದು ಇಡೀ ಕಾರು ಅಡಗಿದೆ! ಕೊರತೆಯಿದ್ದದ್ದು ತಂತ್ರಜ್ಞಾನಕ್ಕಲ್ಲ, ಸಂಯಮಕ್ಕೆ.

ಸಂಯಮವು ತಾನಾಗಿ ಬಾರದಿದ್ದಾಗ ಸಮಾಜವು ತಕ್ಕಡಿಯನ್ನು ಕೈಗೆತ್ತಿಕೊಳ್ಳಬೇಕಾಗುತ್ತದೆ. ಫ್ರಾನ್ಸ್ 2022ರಲ್ಲಿ 1,800 ಕೆ.ಜಿ. ಮೀರಿದ ಹೊಸ ಕಾರುಗಳ ಪ್ರತಿ ಹೆಚ್ಚುವರಿ ಕಿಲೋಗೆ 10 ಯೂರೋ ತೆರಿಗೆ ಹಾಕಿತು. 2024ರಲ್ಲಿ ಆ ಮಿತಿಯನ್ನು 1,600ಕ್ಕೆ ಇಳಿಸಿತು. ಪ್ಯಾರಿಸಿನ ಪ್ರಜೆಗಳು 2024ರ ಫೆಬ್ರವರಿಯಲ್ಲಿ ಮತ ಹಾಕಿ, ಹೊರಗಿನಿಂದ ಬರುವ ಭಾರವಾದ ಕಾರುಗಳ ನಿಲುಗಡೆ ಶುಲ್ಕವನ್ನು ಮೂರು ಪಟ್ಟು ಮಾಡಿಸಿದರು.

ನಮ್ಮಲ್ಲಿ? ಈ ಎಂ5 2024ರ ನವೆಂಬರಿನಲ್ಲಿ 1.99 ಕೋಟಿ ರೂಪಾಯಿ ಬೆಲೆಗೆ ಭಾರತಕ್ಕೂ ಬಂದಿದೆ. ಅದನ್ನು ಕೊಳ್ಳುವವರು ಬೆರಳೆಣಿಕೆಯವರು. ಆದರೆ ದೊಡ್ಡದೇ ದೊಡ್ಡಸ್ತಿಕೆಯೆಂಬ ಅದರ ಪಾಠವನ್ನು ಕಲಿತವರು ಬಹಳ ಮಂದಿ. ದೇಶದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಎಸ್‌ಯುವಿಗಳು. ಕರ್ನಾಟಕದ ರಸ್ತೆ ತೆರಿಗೆಯು ಸರಕು ಲಾರಿಯನ್ನು ತೂಗಿ ನೋಡುತ್ತದೆ. ಖಾಸಗಿ ಕಾರಿನಲ್ಲಿ ಬೆಲೆಯನ್ನಷ್ಟೇ ನೋಡುತ್ತದೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳನ್ನು ತಡೆಯುವ ಸರಕಾರಕ್ಕೆ ತೂಕದ ಅರ್ಥ ಗೊತ್ತಿಲ್ಲದೆ ಇಲ್ಲ. ಖಾಸಗಿ ಕಾರಿನ ತೆರಿಗೆಯನ್ನೂ ತೂಕಕ್ಕೆ ತಕ್ಕಂತೆ ಏರಿಸಲಿ, ಪೆಟ್ರೋಲಿನದಾಗಲಿ ಬ್ಯಾಟರಿಯದಾಗಲಿ ವಿನಾಯಿತಿ ಬೇಡ, ಬಂದ ಹಣ ಹಳ್ಳಿಯ ಬಸ್ಸಿಗೆ ಹೋಗಲಿ ಎಂಬುದು ನಮ್ಮ ಒತ್ತಾಯ.

ವಿದ್ಯಾರ್ಥಿ ಮಿತ್ರರು ಇನ್ನು ಮುಂದೆ ಯಾವುದೇ ವಾಹನವನ್ನು ಹಸಿರೆಂದು ಯಾರಾದರೂ ಹೊಗಳಿದಾಗ ಎರಡು ಪ್ರಶ್ನೆ ಕೇಳಲಿ: ಅದು ಎಷ್ಟು ತೂಗುತ್ತದೆ? ಎಷ್ಟು ಜನರನ್ನು ಹೊರುತ್ತದೆ? ಉತ್ತರ ಹೇಳಲು ತಡವರಿಸುವವರ ಹಸಿರನ್ನು ನಂಬಬೇಕಾಗಿಲ್ಲ.